ಆಸರೆಯ ಕೋಲು, ಕಟ್ಟಿನ ಹದ

ಓಂ ಶ್ರೀ ಗುರುಬಸವಲಿಂಗಾಯ ನಮಃ



ಮೃಗಶಿರ ಮಳೆ ಬಿದ್ದು ನೆಲ ತಣಿದೊಡನೆ ಸೇಡಂ, ಚಿತ್ತಾಪುರ, ಚಿಂಚೋಳಿಯ ಹೊಲಗಳಲ್ಲಿ ತೊಗರಿಯ ಬಿತ್ತನೆ ನಡೆದರೆ, ಮನೆಗಳ ಹಿತ್ತಲಲ್ಲಿ ತಾಯಂದಿರು ಅವರೆ, ಹೀರೆ, ಹಾಗಲ, ಸೋರೆಯ ಬೀಜಗಳನ್ನು ಊರುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಬಳ್ಳಿಯು ಕುಡಿಯನ್ನು ಚಾಚಿ ಗಾಳಿಯಲ್ಲಿ ಏನನ್ನೋ ಅರಸತೊಡಗುತ್ತದೆ. ಆಗ ಮನೆಯ ಹಿರಿಯರೊಬ್ಬರು ಕೋಲೊಂದನ್ನು ತಂದು ಅದರ ಬಳಿ ನಿಲ್ಲಿಸುತ್ತಾರೆ. ಇದು ಅತ್ಯಂತ ಸಾಮಾನ್ಯವಾದ ಕೆಲಸ. ಆದರೆ ಇದೇ ಕೆಲಸದಲ್ಲಿ ಗುರುತತ್ತ್ವದ ಒಂದು ಗಂಭೀರವಾದ ಪ್ರಶ್ನೆ ಅಡಗಿದೆ. ಆಸರೆಯು ಗಿಡವನ್ನು ಬೆಳೆಸುವುದೋ, ಇಲ್ಲವೇ ಬಲಹೀನಗೊಳಿಸುವುದೋ? ಎರಡೂ ಸಾಧ್ಯ. ಕೋಲು ಒಂದೇ ಆಗಿದ್ದರೂ, ಊರಿದ ಕಾಲ, ಕಟ್ಟಿದ ಕಟ್ಟಿನ ಹದ ಮತ್ತು ಬಿಚ್ಚುವ ಮನಸ್ಸು ಇವು ಫಲವನ್ನು ನಿರ್ಣಯಿಸುತ್ತವೆ.

ಅಲ್ಲಮಪ್ರಭುದೇವರು ಈ ತನುವನ್ನೇ ತೋಟವಾಗಿ ಕಂಡ ವಚನವು ನಮ್ಮ ಭಕ್ತರಲ್ಲಿ ಅನೇಕರಿಗೆ ಬಾಯಿಪಾಠವಾಗಿದೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಪ್ರಭುದೇವರು ತೋಟಿಗನಾದ ಗೊಗ್ಗಯ್ಯನನ್ನು ಕಂಡು, ಹೊರಗಿನ ತೋಟದಿಂದ ಒಳಗಿನ ತೋಟದ ಕಡೆಗೆ ಅವನ ದೃಷ್ಟಿಯನ್ನು ತಿರುಗಿಸಿದ ಪ್ರಸಂಗವೂ ಸುಪ್ರಸಿದ್ಧವಾಗಿದೆ. ತೋಟವೆಂದ ಮೇಲೆ ಅಗೆತ, ಬಿತ್ತನೆ, ನೀರು, ಕಾವಲು ಎಲ್ಲವೂ ಬೇಕು. ಅವುಗಳ ಜೊತೆಗೆ ಆಸರೆಯೂ ಬೇಕು. ಆ ಒಳತೋಟದಲ್ಲಿ ಕೋಲು ಊರುವುದೆಂದರೆ ಏನು ಎಂಬುದನ್ನು ಇಂದು ಚಿಂತಿಸೋಣ.

ಮೊದಲು ನಮ್ಮ ನೆಲವನ್ನೇ ನೋಡೋಣ. ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿದು ಭೀಮೆಯನ್ನು ಸೇರುವ ಕಾಗಿಣಾ ನದಿಯ ಆಸುಪಾಸಿನಲ್ಲಿ ಎರೆಮಣ್ಣು ಹೆಚ್ಚು. ಇದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಮಳೆಗಾಲದಲ್ಲಿ ಸಲೀಸಾಗಿ ಇಳಿದ ಕೋಲು, ಮಣ್ಣು ಒಣಗಿ ಬಿರುಕು ಬಿಟ್ಟಾಗ ಸಡಿಲವಾಗಿ ಗಿಡದ ಮೇಲೆಯೇ ಒರಗುತ್ತದೆ. ಆದುದರಿಂದ ಇಲ್ಲಿ ಕೋಲನ್ನು ಒಂದೂವರೆ ಅಡಿಯಾದರೂ ಆಳಕ್ಕೆ ಇಳಿಸಿ, ಬುಡಕ್ಕೆ ಹರಳುಕಲ್ಲು ತುಂಬಿ ಗಟ್ಟಿಮಾಡುವುದು ಒಳ್ಳೆಯದು. ಶಹಾಬಾದ, ವಾಡಿಗಳ ಕಡೆಗೆ ಅನೇಕ ಕಡೆ ಮಣ್ಣಿನ ಪದರವೇ ತೆಳು, ಕೆಳಗೆ ಸುಣ್ಣದ ಕಲ್ಲಿನ ಹಾಸು. ಅಲ್ಲಿ ಹಾರಿಯಿಂದ ಕುಳಿ ತೋಡಿ ಕೋಲು ನಿಲ್ಲಿಸಬೇಕು, ಇಲ್ಲವೇ ಗೋಡೆಗೆ ಮೊಳೆ ಹೊಡೆದು ಹಗ್ಗ ಇಳಿಬಿಡಬೇಕು. ಚಿಂಚೋಳಿಯ ಕೆಮ್ಮಣ್ಣಿನ ಪದ್ಧತಿ ಮತ್ತೊಂದು. ನೆಲವನ್ನು ಅರಿಯದೆ ನಿಲ್ಲಿಸಿದ ಆಸರೆಯು ಗಿಡಕ್ಕೆ ಭಾರವಾಗುತ್ತದೆ. ತಾನೇ ಸ್ಥಿರವಾಗಿ ನಿಲ್ಲದವನು ಇನ್ನೊಬ್ಬರನ್ನು ನಿಲ್ಲಿಸಲಾರನು. ಇದು ಗುರುವಿಗೂ ತಂದೆತಾಯಿಗಳಿಗೂ ಸಮಾನವಾಗಿ ಅನ್ವಯಿಸುವ ಮಾತು.

ಎರಡನೆಯದು, ಊರುವ ಕಾಲ. ಬಲ್ಲವರು ಸಸಿಯನ್ನು ನೆಡುವ ದಿನವೇ ಅದರ ಪಕ್ಕದಲ್ಲಿ ಕೋಲನ್ನೂ ಊರಿಬಿಡುತ್ತಾರೆ. ಸಸಿ ಗೇಣುದ್ದ ಇರುವಾಗ ಆರಡಿಯ ಕೋಲು ಏಕೆಂದು ನೋಡುವವರಿಗೆ ನಗು ಬರಬಹುದು. ಆದರೆ ಟೊಮೆಟೊ ಗಿಡ ಕಾಯಿಬಿಟ್ಟು ನೆಲಕ್ಕೆ ಬಾಗಿದ ಮೇಲೆ ಅವಸರದಿಂದ ಕೋಲು ಹೊಡೆದರೆ, ಅಷ್ಟು ಹೊತ್ತಿಗೆ ಹರಡಿಕೊಂಡ ಬೇರುಗಳನ್ನು ಅದು ಸೀಳಿಕೊಂಡೇ ಇಳಿಯುತ್ತದೆ. ಸಂಸ್ಕಾರದ ವಿಷಯವೂ ಹೀಗೆಯೇ. ಶಿಶುವಿಗೆ ಲಿಂಗಧಾರಣೆ ಮಾಡುವ ಪದ್ಧತಿಯನ್ನು ಇರಿಸಿದ ನಮ್ಮ ಹಿರಿಯರು ಈ ಗುಟ್ಟನ್ನು ಅರಿತವರಾಗಿದ್ದರು. ಆರನೆಯ ವಯಸ್ಸಿನಲ್ಲಿ ಮಗುವಿನೊಡನೆ ಕುಳಿತು ಎರಡು ವಚನಗಳನ್ನು ಹೇಳಿಕೊಡಲು ಬಿಡುವು ಮಾಡಿಕೊಳ್ಳದ ತಂದೆ, ಹದಿನಾರನೆಯ ವಯಸ್ಸಿನಲ್ಲಿ ಮಗನು ದಾರಿ ತಪ್ಪುತ್ತಿರುವನೆಂದು ಬೆತ್ತ ಹಿಡಿದು ಬಂದರೆ, ಅವನು ಕೋಲು ಊರುತ್ತಿಲ್ಲ, ಬೇರು ಕಡಿಯುತ್ತಿದ್ದಾನೆ.

ಮೂರನೆಯದು, ಕಟ್ಟು. ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಅಂಗಳದಲ್ಲಿ ಒಂದು ಬೇವಿನ ಸಸಿಯನ್ನು ನೆಟ್ಟು, ಗಾಳಿಗೆ ಅಲುಗದಿರಲೆಂದು ಗಟ್ಟಿಯಾದ ಗೂಟಕ್ಕೆ ಕಬ್ಬಿಣದ ತಂತಿಯಿಂದ ಬಿಗಿದು ಕಟ್ಟಿದೆ. ದಿನವೂ ನೀರೆರೆದೆ, ಆದರೆ ಕಟ್ಟನ್ನು ಮಾತ್ರ ಮತ್ತೆ ನೋಡಲಿಲ್ಲ. ಗಿಡವು ದಪ್ಪವಾದಂತೆ ತಂತಿಯು ತೊಗಟೆಯೊಳಗೆ ಇಳಿಯಿತು. ಎಲೆಗಳು ಸಿದ್ಧಪಡಿಸಿದ ಆಹಾರವು ಬೇರಿಗೆ ಇಳಿದು ಬರುವುದು ತೊಗಟೆಯ ಒಳಪದರದ ಮೂಲಕವೇ. ಆ ದಾರಿ ಕಟ್ಟಿಹೋಗಿ ತಂತಿಯ ಮೇಲ್ಭಾಗದಲ್ಲಿ ಕಾಂಡವು ಬಾವು ಬಂದಂತೆ ಉಬ್ಬಿತು, ಕೆಳಭಾಗ ಸೊರಗಿತು. ಮುಂದಿನ ರೋಹಿಣಿ ಮಳೆಯ ಬಿರುಗಾಳಿಗೆ ಗಿಡವು ಸರಿಯಾಗಿ ಆ ಕಟ್ಟಿನ ಜಾಗದಲ್ಲಿಯೇ ಮುರಿದುಬಿತ್ತು. ಗಾಳಿಯಿಂದ ಕಾಪಾಡಬೇಕೆಂದು ಕಟ್ಟಿದ ಕಟ್ಟೇ ಅದನ್ನು ಗಾಳಿಗೆ ಒಪ್ಪಿಸಿತ್ತು. ಪ್ರೀತಿಯಿಂದಲೇ ಕಟ್ಟಿದ್ದೆ ಎಂಬುದು ಆ ಗಿಡಕ್ಕೆ ಯಾವ ಸಮಾಧಾನವನ್ನೂ ಕೊಡಲಾರದು.

ಹಳ್ಳಿಯ ಹಿರಿಯರು ಕಟ್ಟುವುದು ಪುಂಡಿಯ ನಾರಿನಿಂದ, ಇಲ್ಲವೇ ಹಳೆಯ ನೂಲಿನ ಸೀರೆಯನ್ನು ಹರಿದ ಪಟ್ಟಿಯಿಂದ. ಮೊದಲು ಕೋಲಿಗೆ ಬಿಗಿಯಾಗಿ ಸುತ್ತಿ, ನಡುವೆ ಒಂದು ತಿರುವು ಕೊಟ್ಟು, ಆಮೇಲೆ ಗಿಡವನ್ನು ಸಡಿಲವಾಗಿ ಬಳಸುತ್ತಾರೆ. ಅಂಕಿ 8ರ ಆಕಾರದ ಈ ಕಟ್ಟಿನಲ್ಲಿ ಬಿಗಿಯೆಲ್ಲ ಕೋಲಿಗೆ, ಸಡಿಲವೆಲ್ಲ ಗಿಡಕ್ಕೆ. ಕಟ್ಟಿನೊಳಗೆ ಒಂದು ಬೆರಳು ಆಡುವಷ್ಟು ಜಾಗ ಇರಲೇಬೇಕು. ಆಚಾರದ ಬಿಗಿಯು ಬೋಧಿಸುವವನ ಮೇಲಿರಲಿ, ಅನುಕಂಪದ ಸಡಿಲವು ಕಲಿಯುವವನಿಗಿರಲಿ ಎಂಬುದಕ್ಕೆ ಇದಕ್ಕಿಂತ ಸರಳವಾದ ದೃಷ್ಟಾಂತ ಬೇಕೆ? ಹೀರೆ, ಹಾಗಲಗಳ ಕುಡಿಯು ಆಸರೆಯನ್ನು ಹಿಡಿದ ಮೇಲೆ ಸುರುಳಿಯಾಗಿ ಸುತ್ತಿಕೊಳ್ಳುವುದನ್ನು ನೀವೆಲ್ಲರೂ ಕಂಡಿರುತ್ತೀರಿ. ಆ ಸುರುಳಿಯು ಗಾಳಿ ಎಳೆದಾಗ ಹಿಗ್ಗಿ, ಗಾಳಿ ನಿಂತಾಗ ಕುಗ್ಗುತ್ತದೆ. ಬಳ್ಳಿಗಳ ಚಲನೆಯನ್ನು ಕುರಿತು 19ನೆಯ ಶತಮಾನದಲ್ಲಿ ದೀರ್ಘವಾಗಿ ಅಭ್ಯಾಸ ಮಾಡಿದ ಚಾರ್ಲ್ಸ್ ಡಾರ್ವಿನ್ ಕೂಡ ಬಿರುಗಾಳಿಯಲ್ಲಿ ಬಳ್ಳಿ ಹರಿಯದಂತೆ ಕಾಯುವುದು ಈ ಸುರುಳಿಯೇ ಎಂದು ಗುರುತಿಸಿದ್ದರು. ಸೃಷ್ಟಿಯು ತಾನಾಗಿ ಕಟ್ಟಿಕೊಳ್ಳುವ ಕಟ್ಟಿನಲ್ಲಿಯೂ ಸಡಿಲವಿದೆ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದುದು. ಅದು ಬಿಚ್ಚುವ ಕೆಲಸ. ಗಿಡವು ಗಾಳಿಗೆ ಅಲುಗಾಡುವುದು ಅದರ ದೌರ್ಬಲ್ಯವೆಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಆ ಅಲುಗಾಟದಿಂದಲೇ ಕಾಂಡವು ಬುಡದಲ್ಲಿ ದಪ್ಪವಾಗುತ್ತದೆ, ಬೇರು ನೆಲವನ್ನು ಬಿಗಿಯಾಗಿ ಹಿಡಿಯುತ್ತದೆ. 1971ರಲ್ಲಿ ನೀಲ್ ಮತ್ತು ಹ್ಯಾರಿಸ್ ಎಂಬ ವಿಜ್ಞಾನಿಗಳು ಸಸಿಗಳನ್ನು ದಿನಕ್ಕೆ ಕೇವಲ 30 ಸೆಕೆಂಡು ಅಲುಗಿಸಿ ನೋಡಿದಾಗ, ಅವು ಅಲುಗಿಸದ ಸಸಿಗಳಿಗಿಂತ ಬಹಳ ಗಿಡ್ಡವಾಗಿ ಬೆಳೆದವು. ಗಾಳಿಯನ್ನು ಅರಿತ ಗಿಡವು ಎತ್ತರಕ್ಕೆ ಅವಸರಪಡುವುದಿಲ್ಲ, ಮೊದಲು ಬುಡವನ್ನು ಭದ್ರಪಡಿಸಿಕೊಳ್ಳುತ್ತದೆ. ಅಲುಗದಂತೆ ಬಿಗಿದ ಗಿಡವಾದರೋ ಬೇಗ ಎತ್ತರವಾಗಿ ನೋಟಕ್ಕೆ ಚೆನ್ನಾಗಿ ಕಾಣುತ್ತದೆ. ಆದರೆ ಗೂಟ ಕಿತ್ತ ದಿನ ತನ್ನ ಭಾರವನ್ನು ತಾನೇ ಹೊರಲಾರದೆ ಬಾಗುತ್ತದೆ. ಆದುದರಿಂದಲೇ ಮರದ ಸಸಿಗೆ ಕಟ್ಟನ್ನು ಸಾಧ್ಯವಾದಷ್ಟು ಕೆಳಗೆ ಹಾಕಿ, ತಲೆಯನ್ನು ಗಾಳಿಗೆ ಬಿಟ್ಟು, ವರ್ಷದೊಪ್ಪತ್ತಿನಲ್ಲಿ ಗೂಟವನ್ನು ತೆಗೆದುಬಿಡಬೇಕು.

ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ಮಗನು ಏನು ಓದಬೇಕು, ಮಗಳು ಯಾರೊಡನೆ ಮಾತನಾಡಬೇಕು ಎಂಬುದನ್ನೆಲ್ಲ ನಾವೇ ನಿರ್ಣಯಿಸುತ್ತೇವೆ. ಒಂದು ಸೋಲನ್ನೂ ಕಾಣದಂತೆ ಹದಿನೆಂಟು ವರ್ಷ ಬಿಗಿದು ಕಟ್ಟಿ, ಬಳಿಕ ಒಮ್ಮೆಲೇ ಕಲಬುರಗಿಗೋ ಹೈದರಾಬಾದಿಗೋ ಬೆಂಗಳೂರಿಗೋ ಕಳುಹಿಸಿ ವಾಡಿ ಜಂಕ್ಷನ್ನಿನ ರೈಲು ಹತ್ತಿಸಿ ಬರುತ್ತೇವೆ. ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆಯಾದೊಡನೆ ಆ ಮಗು ಕುಸಿದು ಕುಳಿತರೆ, ಈಗಿನ ಮಕ್ಕಳಿಗೆ ಧೈರ್ಯವಿಲ್ಲವೆಂದು ದೂರುತ್ತೇವೆ. ಧೈರ್ಯ ಬೆಳೆಯುವುದಕ್ಕೆ ಬೇಕಾದ ಗಾಳಿಯನ್ನು ನಾವು ಬಿಟ್ಟಿದ್ದೆವೇ ಎಂದು ನಮ್ಮನ್ನು ನಾವು ಕೇಳಿಕೊಳ್ಳುವುದಿಲ್ಲ.

ಇದೇ ಮಾತನ್ನು ಮಠಗಳಿಗೂ ಹೇಳದಿದ್ದರೆ ಆತ್ಮವಂಚನೆಯಾದೀತು. ಮನೆ ಕಟ್ಟುವುದಕ್ಕೆ, ಹೊಲ ಮಾರುವುದಕ್ಕೆ, ಪ್ರತಿಯೊಂದು ಸಣ್ಣ ಕಾರ್ಯಕ್ಕೂ ಗುರುಗಳನ್ನು ಕೇಳಿಯೇ ಮುಂದುವರಿಯುವ ಭಕ್ತರುಂಟು. ಅದನ್ನು ಭಕ್ತಿಯೆಂದು ಕರೆದು ಸಂತೋಷಪಡುವವರೂ ಉಂಟು. ಬಸವಾದಿ ಶರಣರು ಇಷ್ಟಲಿಂಗವನ್ನು ಭಕ್ತನ ಅಂಗೈಯಲ್ಲಿಯೇ ಇರಿಸಿದುದು ಏತಕ್ಕಾಗಿ? ದೇವರ ಮತ್ತು ತನ್ನ ನಡುವೆ ಮೂರನೆಯವರ ಹಂಗು ಅವನಿಗೆ ಇರಬಾರದೆಂದು. ಗುರುವು ದೀಕ್ಷೆಯನ್ನಿತ್ತು, ಕಣ್ಣು ತೆರೆಸಿ, ಪೂಜಿಸುವ ಕೈಯನ್ನು ಭಕ್ತನಿಗೇ ಬಿಡುತ್ತಾನೆ. ಅಷ್ಟಾವರಣವು ಸಸಿಯ ಸುತ್ತಲಿನ ಬೇಲಿ ಮತ್ತು ಆಸರೆ, ಷಟ್‌ಸ್ಥಲವು ಆ ಸಸಿಯ ಬೆಳವಣಿಗೆ. ಭಕ್ತಸ್ಥಲದಲ್ಲಿ ಕಟ್ಟಿದ ಕಟ್ಟನ್ನು ಅಷ್ಟೇ ಬಿಗಿಯಾಗಿ ಇರಿಸಿಕೊಂಡು ಐಕ್ಯದ ಮಾತನಾಡಿದರೆ ತೊಗಟೆ ಕುಯ್ಯುತ್ತದೆ. ಪ್ರಭುದೇವರು ಗೊಗ್ಗಯ್ಯನ ತೋಟದಲ್ಲಿ ಬೀಡುಬಿಡಲಿಲ್ಲ. ಅರಿವನ್ನಿತ್ತು ಮುಂದೆ ನಡೆದರು. ಜಂಗಮವೆಂಬ ಶಬ್ದದ ಅರ್ಥವೇ ಚಲಿಸುವುದು. ಶಿಷ್ಯನು ನಿಂತನೆಂದು ತಿಳಿದ ಕ್ಷಣ ಸರಿದು ನಿಲ್ಲಬಲ್ಲವನೇ ಗುರು. ಒಂದು ಮಠದ ಸಾಧನೆಯನ್ನು ಅದಕ್ಕೆ ಒರಗಿ ನಿಂತವರ ಸಂಖ್ಯೆಯಿಂದ ಅಳೆಯದೆ, ಅಲ್ಲಿಂದ ನೆಟ್ಟಗೆ ನಿಂತು ಹೊರಟವರಿಂದ ಅಳೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ಅವರೆಬಳ್ಳಿಯ ಗತಿಯೇನು, ಅದು ಎಂದಿಗೂ ತಾನಾಗಿ ನಿಲ್ಲಲಾರದಲ್ಲವೇ ಎಂದು ಯಾರಾದರೂ ಕೇಳಬಹುದು. ಅದು ಯುಕ್ತವಾದ ಪ್ರಶ್ನೆಯೇ. ಮರದ ಸಸಿಗೆ ಆಸರೆಯು ಕೆಲವು ಕಾಲ ಮಾತ್ರ. ಟೊಮೆಟೊ, ಬದನೆಯ ಗಿಡಗಳಿಗೆ ಫಲಭಾರ ಇರುವವರೆಗೆ. ಬಳ್ಳಿಗಾದರೆ ಜೀವಮಾನವಿಡೀ. ಬಳ್ಳಿಯು ಹಂದರವನ್ನು ಹಬ್ಬುವುದು ಅದರ ದೌರ್ಬಲ್ಯವಲ್ಲ, ಸ್ವಭಾವ. ಮನುಷ್ಯರಲ್ಲಿಯೂ ಹೀಗೆಯೇ. ಬೆಳೆಯುವ ಮಗು ಸಸಿಯಂತೆ. ಸಂಸಾರದ ಭಾರ ಹೊತ್ತ ಗೃಹಸ್ಥನು ಕಾಯಿಬಿಟ್ಟ ಗಿಡದಂತೆ, ಬರಗಾಲದ ವರ್ಷ ಅವನಿಗೆ ನೆರೆಹೊರೆಯ ಕೈ ಬೇಕಾಗುತ್ತದೆ. ವೃದ್ಧರು, ರೋಗಿಗಳು, ಅಂಗವಿಕಲರು ಇವರಿಗೆ ಆಸರೆಯನ್ನು ಎಂದಿಗೂ ತೆಗೆಯಲಾಗದು, ತೆಗೆಯಲೂಬಾರದು. ಮಗನನ್ನು ನಲವತ್ತರ ವಯಸ್ಸಿನವರೆಗೂ ಬಿಗಿದು ಹಿಡಿಯುವ ನಾವು, ಎಂಬತ್ತರ ತಾಯಿಗೆ ಮಾತ್ರ ನಿನ್ನ ಕಾಲ ಮೇಲೆ ನೀನು ನಿಲ್ಲು ಎನ್ನುವುದುಂಟು. ಇದು ಗೂಟವನ್ನು ಮರಕ್ಕೆ ಉಳಿಸಿ ಬಳ್ಳಿಯಿಂದ ಕಿತ್ತಂತೆ.

ಬಳ್ಳಿಗೆ ಒಂಟಿ ಕೋಲು ಸಾಲದು, ಹಂದರವೇ ಬೇಕು. ಹಂದರದ ಕಂಬಗಳು ಬೇರೆಬೇರೆಯಾಗಿ ನೆಲದಲ್ಲಿ ನಿಂತು ಮೇಲೆ ಒಂದಾಗುತ್ತವೆ. ಒಂದು ಕಂಬ ಗೆದ್ದಲು ಹಿಡಿದು ಮುರಿದರೂ ಉಳಿದವು ಭಾರವನ್ನು ಹಂಚಿಕೊಳ್ಳುತ್ತವೆ. ಅನುಭವಮಂಟಪವು ಅಂತಹ ಹಂದರ. ದಾಸೋಹವೂ ಅಂತಹ ಹಂದರ. ಅರಳಗುಂಡಗಿಯಲ್ಲಿ ಜನಿಸಿ ಕಲಬುರಗಿಯಲ್ಲಿ ನೆಲೆಸಿದ ಮಹಾದಾಸೋಹಿ ಶರಣಬಸವೇಶ್ವರರು ಹಸಿದು ಬಂದವರನ್ನು ಯಾರೆಂದು ಕೇಳದೆ ಉಣಿಸಿದ ಪರಂಪರೆಯು ನಮ್ಮ ಜಿಲ್ಲೆಯದೇ ಅಲ್ಲವೆ? ದಾಸೋಹದಲ್ಲಿ ಉಂಡವನು ಉಣಿಸಿದವನ ಗೂಟಕ್ಕೆ ಕಟ್ಟುಬೀಳುವುದಿಲ್ಲ. ಉಂಡು, ಚೇತರಿಸಿಕೊಂಡು, ತನ್ನ ಕಾಯಕಕ್ಕೆ ಮರಳುತ್ತಾನೆ.

ಕೊನೆಯದಾಗಿ ನಮ್ಮ ತೊಗರಿಯ ಕಡೆಗೆ ನೋಡೋಣ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತುದನ್ನು ಎಲ್ಲರೂ ಬಲ್ಲಿರಿ. ಈ ಬೆಳೆಗೆ ಯಾರೂ ಕೋಲು ಊರುವುದಿಲ್ಲ. ಮುಂಗಾರಿನಲ್ಲಿ ಬಿತ್ತಿದ ತೊಗರಿಯು ಎರೆಮಣ್ಣಿನ ಆಳಕ್ಕೆ ಬೇರಿಳಿಸಿ, ಮೇಲಿನ ಮಣ್ಣು ಒಣಗಿದರೂ ಕೆಳಗಿನ ಪಸೆಯನ್ನು ಹೀರಿ, ಪುಷ್ಯಮಾಸದವರೆಗೂ ತನ್ನ ಬಲದಿಂದಲೇ ನಿಲ್ಲುತ್ತದೆ. ಕಾಳನ್ನು ಬಡಿದುಕೊಂಡ ಮೇಲೆ ಉಳಿಯುವ ತೊಗರಿಕಟ್ಟಿಗೆಯು ಕೆಲವು ಮನೆಗಳಲ್ಲಿ ಒಲೆಗೆ, ಕೆಲವು ಮನೆಗಳಲ್ಲಿ ಬೇಲಿಗೆ, ಇನ್ನು ಕೆಲವು ಮನೆಗಳಲ್ಲಿ ಹಿತ್ತಲಿನ ಅವರೆ, ಹೀರೆಯ ಬಳ್ಳಿಗೆ ಆಸರೆಯಾಗುತ್ತದೆ. ತಾನು ಯಾರಿಗೂ ಒರಗದೆ ನಿಂತದ್ದು, ತನ್ನ ಫಲವನ್ನೆಲ್ಲ ಕೊಟ್ಟಾದ ಮೇಲೆಯೂ ಇನ್ನೊಂದು ಜೀವವನ್ನು ಎತ್ತಿ ನಿಲ್ಲಿಸುತ್ತದೆ. ಶರಣರ ಬದುಕೂ ಇದೇ ಬಗೆಯದು. ಅವರು ಲಿಂಗೈಕ್ಯರಾಗಿ ಎಂಟುನೂರು ವರ್ಷಗಳು ಕಳೆದರೂ ಅವರ ನುಡಿಗಳು ಇಂದಿಗೂ ನಮಗೆ ಊರುಗೋಲಾಗಿವೆ. ಆ ಊರುಗೋಲು ನಮ್ಮನ್ನು ಬಿಗಿದು ಕಟ್ಟುವುದಿಲ್ಲ, ಹಿಡಿದು ಏಳಲು ಅಲ್ಲಿ ನಿಂತಿರುತ್ತದೆ ಅಷ್ಟೇ.

ಆದುದರಿಂದ ಭಕ್ತಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ಇಂದು ಸಂಜೆ ನಿಮ್ಮ ಹಿತ್ತಲಿಗೆ ಹೋಗಿ ಪ್ರತಿಯೊಂದು ಕಟ್ಟಿನೊಳಗೆ ಬೆರಳಾಡಿಸಿ ನೋಡಿರಿ. ಬಿಗಿಯಾದುದನ್ನು ಬಿಚ್ಚಿ ಸಡಿಲವಾಗಿ ಕಟ್ಟಿರಿ. ನಿಂತ ಗಿಡದ ಗೂಟವನ್ನು ಕಿತ್ತು, ಬಿದ್ದ ಬಳ್ಳಿಯ ಬಳಿ ಊರಿರಿ. ಕೈತೊಳೆದು ಬಂದು ಲಿಂಗಪೂಜೆಗೆ ಕುಳಿತಾಗ, ಮನೆಯೊಳಗಿನ ಕಟ್ಟುಗಳನ್ನೂ ಒಮ್ಮೆ ಹಾಗೆಯೇ ಮುಟ್ಟಿ ನೋಡಿಕೊಳ್ಳಿರಿ.