ಮಕ್ಕಳು ಹಸಿಮಣ್ಣಲ್ಲ

ಮಕ್ಕಳೆಂದರೆ ಹಸಿಮಣ್ಣು ಎಂದು ನಂಬುವ ಬಿ.ಇಡಿ. ಪ್ರಶಿಕ್ಷಣಾರ್ಥಿಗಳನ್ನು ಕಳೆದ ಸಂಚಿಕೆಯ ಲೇಖಕರು ಮೆಚ್ಚಿದ್ದಾರೆ. ನಾನು ಖಂಡಿತ ಒಪ್ಪುವುದಿಲ್ಲ. ಆ ನಂಬಿಕೆ ಎಲ್ಲಿಗೆ ಮುಟ್ಟಿಸುತ್ತದೆಂದು ಅವರ ಪಾಠಯೋಜನೆಯ ಪುಸ್ತಕವೇ ಹೇಳುತ್ತದೆ: ಒಂದು ಅಂಕಣದಲ್ಲಿ ಶಿಕ್ಷಕರ ಪ್ರಶ್ನೆ, ಪಕ್ಕದಲ್ಲಿ ಮಗು ಕೊಡಬೇಕಾದ ಉತ್ತರ, ಹಿಂದಿನ ರಾತ್ರಿಯೇ ಬರೆದಿಟ್ಟದ್ದು. ‘ಮಳೆ ಎಲ್ಲಿಂದ ಬರುತ್ತೆ?’ ಎಂದಾಗ ಹುಡುಗಿಯೊಬ್ಬಳು ‘ಗುಡ್ಡದ ಆಚೆಯಿಂದ ಮಿಸ್’ ಎಂದರೆ, ‘ತಪ್ಪು, ಕೂತ್ಕೋ’. ಅವಳು ದಿನವೂ ಕಣ್ಣಾರೆ ಕಂಡದ್ದಕ್ಕೆ ಅಲ್ಲಿ ಜಾಗವಿಲ್ಲ. ಮಗು ತನ್ನ ಅರಿವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಅದಕ್ಕೂ ಹತ್ತು ವರ್ಷ ಮೊದಲೇ ಎಚ್.ಡಿ. ಕೋಟೆಯಲ್ಲಿ, ಮಕ್ಕಳು ಚಟುವಟಿಕೆಗಳ ಮೂಲಕ ತಾವೇ ಕಲಿಯುವ ನಲಿಕಲಿ ಪದ್ಧತಿ ಶುರುವಾಗಿತ್ತು. ಇದನ್ನೆಲ್ಲ ಪರೀಕ್ಷೆಗೆ ಓದಿಸಿದರೆ ಸಾಲದು. ಅಭ್ಯಾಸ ಪಾಠ ನೋಡಲು ಬರುವವರು, ಮಗುವಿನ ಅನಿರೀಕ್ಷಿತ ಉತ್ತರವನ್ನು ಪ್ರಶಿಕ್ಷಣಾರ್ಥಿ ಹೇಗೆ ಮುಂದುವರಿಸಿದರು ಎಂಬುದಕ್ಕೆ ಅಂಕ ಕೊಡಲಿ.