ಹಣಕ್ಕೊಂದು ವಿಳಾಸ, ದೂರಿಗೆ ಯಾವ ವಿಳಾಸ?

2023ರ ಸೆಪ್ಟೆಂಬರ್ 10ರಂದು ಚೆನ್ನೈನ ಪೂರ್ವ ಕರಾವಳಿ ರಸ್ತೆಯ ಬಯಲೊಂದರಲ್ಲಿ ಎ.ಆರ್. ರೆಹಮಾನ್ ಅವರ ಸಂಗೀತ ಕಾರ್ಯಕ್ರಮ ನಡೆಯಿತು. ಟಿಕೆಟ್ ಕೊಂಡಿದ್ದ ಎಷ್ಟೋ ಕುಟುಂಬಗಳಿಗೆ ಒಳಗೆ ಕಾಲಿಡಲೂ ಸಾಧ್ಯವಾಗಲಿಲ್ಲ. ನೂಕುನುಗ್ಗಲಿನಲ್ಲಿ ಮಕ್ಕಳು ಹೆತ್ತವರ ಕೈತಪ್ಪಿದರು. ಅದೇ ಜನಸಂದಣಿಯ ನಡುವೆ ತಮಗೆ ಲೈಂಗಿಕ ಕಿರುಕುಳವಾಯಿತೆಂದು ಹಲವು ಮಹಿಳೆಯರು ಬಹಿರಂಗವಾಗಿ ಹೇಳಿಕೊಂಡರು.

ಕಾರ್ಯಕ್ರಮ ನಡೆಸಿದ ಸಂಸ್ಥೆ ಕ್ಷಮೆ ಕೇಳಿತು. ರೆಹಮಾನ್ ಅವರೂ ಹೊಣೆ ಹೊತ್ತರು. ಪ್ರವೇಶ ಸಿಗದವರು ಟಿಕೆಟ್ಟಿನ ಪ್ರತಿಯನ್ನು ಇಂಥ ಈಮೇಲ್ ವಿಳಾಸಕ್ಕೆ ಕಳುಹಿಸಬೇಕೆಂಬ ಪ್ರಕಟಣೆ ಹೊರಟಿತು. ಇದು ಮೆಚ್ಚತಕ್ಕ ನಡೆಯೇ. ಆದರೆ ಆಸನ ಕಳೆದುಕೊಂಡವನಿಗೆ ದೊರೆತ ವಿಳಾಸದಂತೆ, ಕಿರುಕುಳಕ್ಕೊಳಗಾದವಳಿಗೂ ಒಂದು ವಿಳಾಸ ಬೇಡವೇ? ಅಂಥ ಇರುಳಿನಲ್ಲಿ ಅವಳು ಯಾರ ಬಳಿಗೆ ಓಡಬೇಕು?

ಈ ಪ್ರಶ್ನೆಗೆ ಅನೇಕ ಮನೆಗಳಲ್ಲಿ ಸಿದ್ಧ ಉತ್ತರವಿದೆ: ‘ಹೆಣ್ಣುಮಕ್ಕಳು ಅಂಥಲ್ಲಿಗೆ ಹೋಗುವುದಾದರೂ ಏಕೆ? ಶಾಸ್ತ್ರೀಯ ಸಂಗೀತದ ಸಭೆಗಳಿಲ್ಲವೇ?’ ಅದೇ ಚೆನ್ನೈ ಈ ಉತ್ತರವನ್ನು ಸುಳ್ಳಾಗಿಸಿದೆ. 2018ರ ಅಕ್ಟೋಬರಿನಲ್ಲಿ ಕರ್ನಾಟಕ ಸಂಗೀತ ಕ್ಷೇತ್ರದ ಹಲವರ ಮೇಲೆ ಲೈಂಗಿಕ ಕಿರುಕುಳದ ಆರೋಪಗಳು ಬಂದವು. ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಆ ವರ್ಷದ ಡಿಸೆಂಬರ್ ಉತ್ಸವದಿಂದ ಏಳು ಮಂದಿ ಕಲಾವಿದರನ್ನು ಕೈಬಿಟ್ಟಿತು. ಅಲ್ಲಿ ಕತ್ತಲೆಯ ಬಯಲಿರಲಿಲ್ಲ, ನೂಕಾಟವಿರಲಿಲ್ಲ. ರೇಷ್ಮೆ ಸೀರೆಯಿತ್ತು, ತಂಬೂರಿಯಿತ್ತು, ಗುರುಭಕ್ತಿಯಿತ್ತು. ವೇದಿಕೆಯಿಂದ ಕೆಳಗಿಳಿಸುವುದು ನ್ಯಾಯಾಲಯದ ತೀರ್ಪಲ್ಲ, ನಿಜ. ಆದರೂ ಹೆಣ್ಣಿನ ಮಾತನ್ನು ಕಿವಿಗೆ ಹಾಕಿಕೊಂಡು ನಡೆದುಕೊಳ್ಳಲು ಸಂಸ್ಥೆಯೊಂದಕ್ಕೆ ಸಾಧ್ಯವಿದೆಯೆಂಬುದು ಅಂದು ಸ್ಪಷ್ಟವಾಯಿತು.

ಆದ್ದರಿಂದ ದೋಷವನ್ನು ಸಂಗೀತದ ಪ್ರಕಾರದಲ್ಲಾಗಲಿ, ಹೆಣ್ಣಿನ ಉಡುಪಿನಲ್ಲಾಗಲಿ ಹುಡುಕುವುದು ವ್ಯರ್ಥ. ದೋಷ ಕೈಹಾಕಿದವನದು. ಅವನು ಸಿಕ್ಕಿಬೀಳುವುದಿಲ್ಲವೆಂಬ ಧೈರ್ಯವನ್ನು ಅವನಿಗೆ ಕೊಟ್ಟ ವ್ಯವಸ್ಥೆಯದೂ ಹೌದು.

ಕಾನೂನಿಗೆ ಕೊರತೆಯಿಲ್ಲ. ಕೆಲಸದ ಸ್ಥಳದ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯಂತೆ, ಹತ್ತು ಅಥವಾ ಹೆಚ್ಚು ನೌಕರರಿರುವ ಪ್ರತಿಯೊಂದು ಸಂಸ್ಥೆಯೂ ಆಂತರಿಕ ಸಮಿತಿಯನ್ನು ರಚಿಸಬೇಕು. ಮನರಂಜನಾ ಸಂಸ್ಥೆಗಳಿಗೂ ವಿನಾಯಿತಿಯಿಲ್ಲ. ಭಾರತೀಯ ನ್ಯಾಯ ಸಂಹಿತೆಯ 74ನೆಯ ಕಲಮಿನಂತೆ, ಹೆಣ್ಣಿನ ಮಾನಭಂಗದ ಉದ್ದೇಶದಿಂದ ಬಲಪ್ರಯೋಗ ಮಾಡಿದವನಿಗೆ ಒಂದರಿಂದ ಐದು ವರ್ಷಗಳ ಸೆರೆವಾಸವಿದೆ. ಘಟನೆ ಎಲ್ಲಿಯೇ ನಡೆದಿರಲಿ, ಯಾವ ಪೊಲೀಸ್ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಪರಊರಿನಲ್ಲಿ ಬದುಕು ಕಟ್ಟಿಕೊಂಡ ಕುಟುಂಬಗಳು ಈ ಕೊನೆಯ ಮಾತನ್ನಂತೂ ಹೆಣ್ಣುಮಕ್ಕಳಿಗೆ ತಪ್ಪದೆ ತಿಳಿಸಬೇಕು. ಹುಡುಗಿ ಅಳುತ್ತ ಮನೆಗೆ ಬಂದಾಗ ‘ಯಾರಿಗೂ ಹೇಳಬೇಡ’ ಎನ್ನುವ ತಾಯ್ತಂದೆಗಳು ತಮಗರಿವಿಲ್ಲದೆಯೇ ಅಪರಾಧಿಯ ಪಕ್ಷ ವಹಿಸುತ್ತಾರೆ.

ಇನ್ನು ಸ್ವಂತ ಅಂಗಳದ ಮಾತು. ಮುಂಬಯಿ, ಪುಣೆ, ಹೈದರಾಬಾದ್, ದೆಹಲಿಗಳಲ್ಲಿ ನವೆಂಬರ್ ಬಂತೆಂದರೆ ರಾಜ್ಯೋತ್ಸವದ ರಸಸಂಜೆಗಳು ಸಾಲುಗಟ್ಟುತ್ತವೆ. ಕರಪತ್ರಗಳಲ್ಲಿ ಅಧ್ಯಕ್ಷರ ಹೆಸರಿರುತ್ತದೆ, ದಾನಿಗಳ ಭಾವಚಿತ್ರಗಳಿರುತ್ತವೆ, ಊಟದ ವೇಳೆಯೂ ಇರುತ್ತದೆ. ತೊಂದರೆಯಾದರೆ ಕರೆ ಮಾಡಬೇಕಾದ ದೂರವಾಣಿ ಸಂಖ್ಯೆಯನ್ನು ಎಷ್ಟು ಸಂಘಗಳು ಮುದ್ರಿಸುತ್ತವೆ?

ಇದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ಸ್ಥಳ ಹಿಡಿಸುವಷ್ಟೇ ಪ್ರವೇಶಪತ್ರ, ಶೌಚಾಲಯದ ದಾರಿಗೂ ವಾಹನ ನಿಲ್ದಾಣಕ್ಕೂ ಬೆಳಕು, ಬಾಗಿಲಲ್ಲಿ ಮಹಿಳಾ ಸ್ವಯಂಸೇವಕರು, ಎಲ್ಲರಿಗೂ ಕಾಣುವ ದೂರಿನ ಮೇಜು. ಎಲ್ಲಕ್ಕಿಂತ ಮಿಗಿಲಾಗಿ, ಆರೋಪಿ ದಾನಿಯ ಮಗನೇ ಆಗಿದ್ದರೂ ಪೊಲೀಸರನ್ನು ಕರೆಯುವ ನಿರ್ಧಾರವನ್ನು ಪದಾಧಿಕಾರಿಗಳು ಮೊದಲೇ ಮಾಡಿರಬೇಕು. ಇಷ್ಟನ್ನು ಮಾಡಲಾರದ ಸಂಘಕ್ಕೆ ‘ಸಕುಟುಂಬ ಪರಿವಾರ ಸಮೇತ ಬನ್ನಿ’ ಎಂದು ಆಮಂತ್ರಣ ಅಚ್ಚುಹಾಕಿಸುವ ನೈತಿಕ ಹಕ್ಕಿಲ್ಲ.