ರವದಿ ಸುಡೋದು ಅಂದ್ರ ಮಣ್ಣಿನ ಊಟ ಸುಟ್ಟಂಗ

ಕಬ್ಬು ಫ್ಯಾಕ್ಟರಿಗೆ ಹೋದ ಮರುದಿನವೇ ರವದಿಗೆ ಕಡ್ಡಿ ಗೀರ್ತೀವಲ್ಲ ಅಣ್ಣಾರ, ಸುಡೋದು ಕಸ ಅಲ್ಲ. ವರ್ಷಪೂರ್ತಿ ಎಲೆ ಹಿಡಿದಿಟ್ಟ ಬಿಸಿಲು. ಅದು ಶಿಲೀಂಧ್ರದ ಊಟ, ಎರೆಹುಳದ ಊಟ. ಎರೆಹುಳ ಬೆಳ್ಳಕ್ಕಿಯ ಊಟ. ಒಂದು ಮೆಟ್ಟಿಲಿಂದ ಮುಂದಿನದಕ್ಕ ದಾಟೋ ಶಕ್ತಿ ಸುಮಾರು ಹತ್ತರಾಗ ಒಂದು ಪಾಲು. ಉಳಿದದ್ದು ಬಹುಪಾಲು ಶಾಖವಾಗಿ ಹೋಗ್ತದ. ಅಂಥಾದ್ರಾಗ ಮೊದಲ ಮೆಟ್ಟಿಲಿಗೇ ಬೆಂಕಿ ಇಟ್ರ ಮೇಲಿನವು ಏನು ತಿನ್ನಬೇಕು?

‘ಯೂರಿಯಾ ಹಾಕ್ತೀವಲ್ಲ’ ಅಂತೀರಿ. ಅದರಾಗ ಬೆಳೆಗೆ ಸಾರಜನಕ ಐತಿ, ಎರೆಹುಳಕ್ಕ ಊಟ ಇಲ್ಲ.

ಕೂಳೆ ಚಿಗುರಾಕ ಅಡ್ಡ ಆದ್ರ ಸಾಲು ಬಿಟ್ಟು ಸಾಲಿಗೆ ರವದಿ ಸರಿಸ್ರಿ, ಸಗಣಿ ನೀರು ಚೆಲ್ಲ್ರಿ. ಆಳಿನ ಖರ್ಚು ಐತಿ, ಖರೆ. ನಾನೂ ಅದೇ ನೆಪ ಹೇಳಿ ಸುಟ್ಟವನೇ. ಆದ್ರ ಮಣ್ಣಿನ ಹೊಟ್ಟೀ ಮ್ಯಾಲೆ ಹೊಡೆದು ಎಷ್ಟು ವರ್ಷ ಬೆಳೆ ತೆಗೀತೀವಿ?